ಟರ್ಮಿನಲ್ ವಿಂಡೋದಲ್ಲಿ ಸ್ಕ್ರೋಲಿಂಗ್: ಕೊಬ್ಬರಿ ಲಾಟ್ ಪಟ್ಟಿ ಕಲಿಸಿದ್ದು

ಟರ್ಮಿನಲ್ ಪರದೆಯನ್ನು ವಿಂಡೋಗಳಾಗಿ ವಿಂಗಡಿಸುವ ಪ್ರೋಗ್ರಾಂನಲ್ಲಿ, ಕೊನೆಯ ಸಾಲು ತುಂಬಿದ ಮೇಲೆ ಏನಾಗಬೇಕೆಂದು ಪ್ರೋಗ್ರಾಂ ಬರೆಯುವವರೇ ಹೇಳಬೇಕು. ಇಂಥ ವಿಂಡೋಗಳನ್ನು ಒದಗಿಸುವ ಎನ್‌ಕರ್ಸಸ್ ಲೈಬ್ರರಿಯಲ್ಲಿ ಹೊಸ ವಿಂಡೋ ತಾನಾಗಿ ಸ್ಕ್ರೋಲ್ ಆಗುವುದಿಲ್ಲ. ‘ಸ್ಕ್ರೋಲ್‌ಓಕೆ’ ಎಂಬ ಫಂಕ್ಷನ್ ಮೂಲಕ ಅನುಮತಿ ಕೊಟ್ಟರೆ ಮಾತ್ರ ಮೇಲಿನ ಸಾಲು ಸರಿದು ಕೆಳಗೆ ಜಾಗವಾಗುತ್ತದೆ. ಇಲ್ಲವಾದರೆ ಕೊನೆಯ ಸಾಲಿನಾಚೆಗೆ ಬರೆದದ್ದು ಕಾಣುವುದೇ ಇಲ್ಲ.

ತಿಪಟೂರಿನ ಮಂಡಿಯೊಂದರ ಹಳೆಯ ಕಂಪ್ಯೂಟರಿಗೆ ಕೊಬ್ಬರಿ ಲಾಟ್‌ಗಳ ಪಟ್ಟಿ ತೋರಿಸುವ ಪ್ರೋಗ್ರಾಂ ಬರೆದಾಗ ಈ ಲೇಖಕನಿಗೆ ಇದೆಲ್ಲ ಮನದಟ್ಟಾಯಿತು. 1978ರ ವಿಟಿ100 ಟರ್ಮಿನಲ್‌ನ ಕಾಲದಿಂದ ರೂಢಿಯಲ್ಲಿರುವ 24 ಸಾಲು, 80 ಕಾಲಂಗಳ ಪರದೆ ಅದು. ಮೇಲೆ ತಲೆಬರಹ, ಕೆಳಗೆ ಒಟ್ಟು ಚೀಲ ಮತ್ತು ತೂಕ. ನಡುವಿನ 18 ಸಾಲು ಮಾತ್ರ ಸರಿಯಬೇಕು. ಸರಿಯುವ ಭಾಗದ ಮೊದಲ ಮತ್ತು ಕೊನೆಯ ಸಾಲನ್ನು ಗೊತ್ತುಪಡಿಸಲು ಲೈಬ್ರರಿಯಲ್ಲಿ ಬೇರೊಂದು ಫಂಕ್ಷನ್ ಇದೆ. ವಿಂಡೋದ ಸುತ್ತಲಿನ ಚೌಕಟ್ಟಿಗೆ ಅಷ್ಟು ಸಾಲದು. ಚೌಕಟ್ಟೂ ಅಕ್ಷರಗಳಿಂದಲೇ ಆದದ್ದು, ಪಠ್ಯದ ಜೊತೆ ಅದರ ಎರಡೂ ಬದಿ ಮೇಲಕ್ಕೆ ಹೋಗುತ್ತವೆ. ಆದ್ದರಿಂದ ಹೊರಗಿನ ವಿಂಡೋಗೆ ಚೌಕಟ್ಟು ಹಾಕಿ, ಎಲ್ಲ ಕಡೆ ಒಂದೊಂದು ಅಕ್ಷರದಷ್ಟು ಒಳಗೆ ಸರಿದ ಇನ್ನೊಂದು ವಿಂಡೋದಲ್ಲಿ ಪಟ್ಟಿ ಬರೆಯುವುದೇ ಸರಿ.

ನಿಜವಾದ ತೊಡಕು ಹಿಂದಕ್ಕೆ ನೋಡುವುದರಲ್ಲಿದೆ. ತುರುವೇಕೆರೆಯ ಕಡೆಯಿಂದ ಬಂದ ರೈತರೊಬ್ಬರು ಪರದೆ ನೋಡಿ, “ಒಂಚೂರು ಮೇಲಕ್ಕೆ ತೋರ್ಸಿ ಸ್ವಾಮಿ, ನಮ್ ಲಾಟು ಎಷ್ಟಕ್ಕೆ ಹೋಯ್ತು ನೋಡಣ” ಅನ್ನುತ್ತಾರೆ. ವಿಂಡೋ ಹೊರಗೆ ಹೋದ ಸಾಲನ್ನು ನೆನಪಿಟ್ಟುಕೊಳ್ಳುವುದಿಲ್ಲ. ಹಿಂದಕ್ಕೆ ಸರಿಸಿದರೆ ಖಾಲಿ ಸಾಲು ಬರುತ್ತದೆ. ಪರದೆಗಿಂತ ದೊಡ್ಡದಾದ ‘ಪ್ಯಾಡ್’ ಇದಕ್ಕೆ ಒಂದು ದಾರಿ. ಅದರ ಯಾವ ಭಾಗ ಪರದೆಯಲ್ಲಿ ಎಲ್ಲಿ ಕಾಣಬೇಕೆಂದು ಪ್ರತಿ ಸಲ ಆರು ಸಂಖ್ಯೆಗಳಲ್ಲಿ ಹೇಳಬೇಕು. ಸಹಾಯ ಪುಟದಂಥ ಗೊತ್ತಾದ ಅಳತೆಯ ಪಠ್ಯಕ್ಕೆ ಅದು ಹೊಂದುತ್ತದೆ. ಹರಾಜಿನ ದಿನ ಬೆಳೆಯುತ್ತಲೇ ಹೋಗುವ ಪಟ್ಟಿಗೆ, ಎಲ್ಲ ಸಾಲುಗಳನ್ನೂ ಪ್ರೋಗ್ರಾಂನ ಅರೇಯಲ್ಲಿ ಇಟ್ಟುಕೊಂಡು, ಮೇಲೆ ಕಾಣಬೇಕಾದ ಸಾಲಿನ ಸಂಖ್ಯೆಯನ್ನಷ್ಟೇ ಬದಲಿಸಿ 18 ಸಾಲನ್ನು ಮತ್ತೆ ಬರೆಯುವುದು ಎಷ್ಟೋ ಮೇಲು. ಆ ಸಂಖ್ಯೆ ಸೊನ್ನೆಗಿಂತ ಕೆಳಗೆ, ಒಟ್ಟು ಸಾಲಿನಲ್ಲಿ 18 ಕಳೆದದ್ದಕ್ಕಿಂತ ಮೇಲೆ ಹೋಗದಂತೆ ತಡೆಯಬೇಕು; ಪಟ್ಟಿಯೇ ಚಿಕ್ಕದಿದ್ದರೆ ಸೊನ್ನೆಯಲ್ಲೇ ಇರಲಿ. ಹಳೆಯ ಲಾಟ್ ಓದುತ್ತಿರುವಾಗ ಹೊಸ ಲಾಟ್ ಬಂದರೆ ಪರದೆ ಕೆಳಕ್ಕೆ ಜಿಗಿಯಬಾರದು. ನೋಡುವವರು ಪಟ್ಟಿಯ ತುದಿಯಲ್ಲಿದ್ದರೆ ಮಾತ್ರ ಅದು ಹೊಸ ಸಾಲನ್ನು ಹಿಂಬಾಲಿಸಲಿ.

ಕನ್ನಡದ ಹೆಸರುಗಳು ಬಂದಾಗ ಇನ್ನೊಂದು ಕಾಟ. ಪರದೆ ಶುರುವಾಗುವ ಮುನ್ನವೇ ಲೊಕೇಲ್ ಹೊಂದಿಸಬೇಕು, ಯೂನಿಕೋಡ್ ಬೆಂಬಲವಿರುವ ಎನ್‌ಕರ್ಸಸ್ ಆವೃತ್ತಿಯನ್ನೇ ಬಳಸಬೇಕು. ಇಷ್ಟಾದರೂ ಗುಣಿತಾಕ್ಷರ, ಒತ್ತಕ್ಷರಗಳು ಎಷ್ಟು ಕಾಲಂ ಹಿಡಿಯುತ್ತವೆ ಎಂಬುದರಲ್ಲಿ ಲೈಬ್ರರಿ ಮತ್ತು ಟರ್ಮಿನಲ್ ಒಂದೇ ಲೆಕ್ಕ ಹಾಕದೆ ಇರಬಹುದು. ಆಗ ‘ಚಿಕ್ಕನಾಯಕನಹಳ್ಳಿ’ಯ ಮುಂದಿನ ಅಂಕಿಗಳೆಲ್ಲ ಓರೆಯಾಗಿ ದರ ಒಂದು ಕಡೆ, ತೂಕ ಇನ್ನೊಂದು ಕಡೆ ನಿಲ್ಲುತ್ತವೆ. ಲಾಟ್ ಸಂಖ್ಯೆ, ಚೀಲ, ತೂಕ, ದರವನ್ನು ಎಡಕ್ಕೆ ಬರೆದು, ಹೆಸರು ಮತ್ತು ಊರನ್ನು ಸಾಲಿನ ಕೊನೆಗೆ ಇಟ್ಟರೆ ಅಂಕಿಗಳು ಅಲುಗಾಡುವುದಿಲ್ಲ.