ಜಾತಿಸೂತಕವೂ ಅಂಗೈಯ ಯಂತ್ರವೂ

ಜನನ, ಜಾತಿ, ಪ್ರೇತ, ಉಚ್ಛಿಷ್ಟ, ರಜಸ್ಸು ಎಂಬ ಪಂಚಸೂತಕಗಳಿಗೆ ವೀರಶೈವಾಚಾರದಲ್ಲಿ ಎಡೆಯಿಲ್ಲವೆಂಬುದು ಸದ್ಭಕ್ತರೆಲ್ಲರೂ ಬಲ್ಲ ವಿಷಯ. ಮಿಕ್ಕವು ಕೆಲಕಾಲ ಇದ್ದು ಕಳೆಯುವಂಥವು. ಜಾತಿಸೂತಕವೊಂದು ಮಾತ್ರ ಹುಟ್ಟಿನಿಂದ ಸಾವಿನವರೆಗೂ ಬಿಡದೆ ಅಂಟುವಂಥದು. ಆದುದರಿಂದಲೇ ದೀಕ್ಷೆಯಾದ ಬಳಿಕ ಭಕ್ತನ ಪೂರ್ವಾಶ್ರಯವನ್ನು ಎತ್ತಿ ಆಡಲಾಗದೆಂದು ಶರಣರು ವಿಧಿಸಿದರು. ಈ ಸೂತಕವು ಇಂದು ಯಾವ ದಾರಿಯಿಂದ ತರುಣರನ್ನು ಮುಟ್ಟುತ್ತಿರುವುದೆಂಬುದು ವಿಚಾರಣೀಯವಾಗಿದೆ.

ಸಾಮಾಜಿಕ ಜಾಲತಾಣಗಳು ಬಂದಾಗ, ಇಲ್ಲಿ ಮೇಲುಕೀಳಿಲ್ಲ, ಎಲ್ಲರಿಗೂ ಒಂದೇ ಅಂಗಳವೆಂದು ಹಲವರು ನಂಬಿದ್ದರು. 2004ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಫೇಸ್‌ಬುಕ್ 2006ರಲ್ಲಿ ಸರ್ವರಿಗೂ ತೆರೆಯಿತು. ಮರುವರ್ಷವೇ ಡಾನಾ ಬಾಯ್ಡ್ ಎಂಬ ಅಮೆರಿಕದ ಸಂಶೋಧಕಿ, ಅನುಕೂಲಸ್ಥರ ಮಕ್ಕಳು ಫೇಸ್‌ಬುಕ್ಕಿಗೆ ಸರಿಯುತ್ತಿರುವುದನ್ನೂ, ದುಡಿಮೆಗಾರರ ಹಾಗೂ ವಲಸಿಗರ ಮಕ್ಕಳಲ್ಲಿ ಅನೇಕರು ಮೈಸ್ಪೇಸಿನಲ್ಲೇ ಉಳಿದುದನ್ನೂ ಎತ್ತಿ ತೋರಿದರು. ನಮ್ಮಲ್ಲಿ ಹಳ್ಳಿಯ ಯುವಕರು ಟಿಕ್‌ಟಾಕನ್ನು ತಮ್ಮದೆಂದು ಬಳಸಿದರು. 2020ರ ಜೂನ್‌ನಲ್ಲಿ ಅದು ನಿಷಿದ್ಧವಾಗಲು, ಅವರಲ್ಲಿ ಬಹುಮಂದಿ ಇನ್‌ಸ್ಟಾಗ್ರಾಮಿಗೆ ಬಂದರು. ಬಂದವರ ಉಡುಗೆ, ನಡೆ, ನುಡಿಗಳು ಅಲ್ಲಿ ನಗೆಗೀಡಾದುವು.

ದೂರದ ಮಾತೇಕೆ? ಕಮಲಾಪುರದಿಂದ ಕಲಬುರಗಿಯ ಕಾಲೇಜಿಗೆ ಬಸ್ಸಿನಲ್ಲಿ ಬರುವ ತರುಣನೊಬ್ಬನನ್ನು ಭಾವಿಸಿಕೊಳ್ಳಬಹುದು. ತಂದೆಯ ಕೆಂಪುಬಾಳೆಯ ತೋಟವನ್ನು ಚಿತ್ರಿಸಿ, ತನ್ನ ಸೀಮೆಯ ಮಾತಿನಲ್ಲಿ ನಾಲ್ಕು ನುಡಿಯುವನು. ನಗರದ ಇಂಗ್ಲಿಷ್ ಮಾಧ್ಯಮದ ಸಹಪಾಠಿಯಿಂದ ಬರುವ ಉತ್ತರ 'ಹಳ್ಳಿಗಮಾರ' ಎಂಬುದು. ಮುಂದೆ ಅವನು ತೋಟವನ್ನು ತೋರಿಸನು. ತರಗತಿಯಲ್ಲಿ ಒಂದೇ ಬೆಂಚು, ಫೋನಿನಲ್ಲಿ ಬೇರೆ ಬೇರೆ ಗುಂಪು! ಶರಣಬಸವೇಶ್ವರರ ಜಾತ್ರೆಯಲ್ಲಿ ಇಬ್ಬರೂ ಒಂದೇ ತೇರಿಗೆ ಕೈಮುಗಿಯುವರು. ಆ ತೇರಿನ ಚಿತ್ರವೂ ಎರಡು ಗುಂಪುಗಳಿಗೆ ಬೇರೆಯಾಗಿಯೇ ಹೋಗುವುದು.

ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ — ಈ ಹೆಸರುಗಳನ್ನು ನಿತ್ಯ ಉಚ್ಚರಿಸುವವರು ಇವುಗಳ ಮುಂಭಾಗವನ್ನು ಗಮನಿಸುವುದು ಕಡಿಮೆ. ಶರಣರು ಕಾಯಕವನ್ನು ಮರೆಮಾಚಲಿಲ್ಲ, ಹೆಸರಿನ ತಲೆಯಲ್ಲೇ ಹೊತ್ತರು. ಆದರೆ ಅನುಭವ ಮಂಟಪದಲ್ಲಿ ಕುಳಿತುಕೊಳ್ಳುವ ಎಡೆಯನ್ನು ಅದು ನಿರ್ಣಯಿಸಲಿಲ್ಲ, ನಿರ್ಣಯಿಸಿದುದು ಅನುಭಾವ. ಇಂದಿನ ತರುಣನಾದರೋ ಒಂದು ಗುಂಪಿನಲ್ಲಿ ತನ್ನ ಅಡ್ಡಹೆಸರನ್ನು ಮುಚ್ಚುವನು, ಮತ್ತೊಂದರಲ್ಲಿ ಅದನ್ನೇ ಮೆರೆಸುವನು. ಎರಡೂ ಒಂದೇ ಸೂತಕದ ಎರಡು ಮುಖಗಳು.

ಇದಕ್ಕೆ ಯಂತ್ರವನ್ನು ಹಳಿದು ಪ್ರಯೋಜನವಿಲ್ಲ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳಿಗೆ ವಿವಾಹವಾದಾಗ ಕ್ರಾಂತಿಯೇ ನಡೆಯಿತು. ಆಗ ಫೋನು ಎಲ್ಲಿತ್ತು? ಹುಡುಗರನ್ನು ಗದರಿಸುವ ಗೃಹಸ್ಥರು ತಮ್ಮ ವಾಟ್ಸಾಪನ್ನೇ ತೆರೆದು ನೋಡಲಿ. ಬಣಜಿಗರದೊಂದು, ಪಂಚಮಸಾಲಿಗಳದೊಂದು, ಜಂಗಮರದೊಂದು, ಗಾಣಿಗರದೊಂದು ವಧೂವರರ ಗುಂಪು. ಇವುಗಳನ್ನು ಕಟ್ಟಿದವರು ತರುಣರಲ್ಲ, ಅವರ ತಂದೆಗಳು, ಸೋದರಮಾವಂದಿರು. ಮಗನು ಗೆಳೆಯರನ್ನು ಆರಿಸುವ ಜರಡಿಯನ್ನು ಮನೆಯಲ್ಲೇ ಕಂಡಿರುವನು. ಅಲ್ಲಿ ಹರಿದಾಡುವ ಪರಿಚಯಪತ್ರಗಳಲ್ಲಿ ಒಳಪಂಗಡಕ್ಕೆ ಒಂದು ಅಂಕಣವಿದೆ; ಎತ್ತರ, ಬಣ್ಣ, ಸಂಬಳ, ಹೊಲದ ಎಕರೆಗಳಿಗೂ ಅಂಕಣಗಳಿವೆ. ಲಿಂಗದೀಕ್ಷೆಯಾಗಿದೆಯೇ, ನಿತ್ಯ ಇಷ್ಟಲಿಂಗಪೂಜೆ ಉಂಟೇ ಎಂದು ಕೇಳುವ ಅಂಕಣವು ಮಾತ್ರ ಅಪರೂಪ.