ಮಂದಪ್ರಕಾಶದ ನಕ್ಷತ್ರಸ್ಫೋಟಗಳು

ಹೋದ ವರ್ಷ ಹತ್ತನೆಯ ತರಗತಿಯಲ್ಲಿ ನಕ್ಷತ್ರಗಳ ಹುಟ್ಟುಸಾವುಗಳನ್ನು ಕುರಿತು ಪಾಠಮಾಡುತ್ತಿದ್ದಾಗ, ಭಾರವಾದ ನಕ್ಷತ್ರವು ತನ್ನ ಅಂತ್ಯಕಾಲದಲ್ಲಿ ಸಿಡಿದು, ಕೆಲವು ವಾರಗಳ ಕಾಲ ಕೋಟ್ಯಂತರ ಸೂರ್ಯರಂತೆ ಬೆಳಗುವುದೆಂದು ನಾವು ಬೋಧಿಸಿದೆವು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಹೆಚ್ಚಾಗಿ ಮಾತನಾಡದ ಬಾಲಕಿಯೊಬ್ಬಳು ಎದ್ದು, "ಟೀಚರ್, ಯಾರ ಕಣ್ಣಿಗೂ ಬೀಳದೆ ಸಾಯುವ ದೊಡ್ಡ ನಕ್ಷತ್ರಗಳು ಇಲ್ಲವೇ?" ಎಂದು ಕೇಳಿದಳು. "ದೊಡ್ಡ ನಕ್ಷತ್ರದ ಸಾವು ಮರೆಯಾಗಿರಲಾರದು" ಎಂದು ಅವಸರದಿಂದ ಉತ್ತರವಿತ್ತು ನಾವು ಪಾಠವನ್ನು ಮುಂದುವರಿಸಿದೆವು. ಅನಂತರ ಗ್ರಂಥಗಳನ್ನು ಪರಿಶೀಲಿಸಲು, ನಮ್ಮ ಉತ್ತರವೇ ತಪ್ಪೆಂದು ತಿಳಿಯಿತು. ಅದನ್ನು ತಿದ್ದಿಕೊಳ್ಳುವುದೇ ಈ ಲೇಖನದ ಉದ್ದೇಶವಾಗಿದೆ.

ನಕ್ಷತ್ರವು ಎರಡು ಬಲಗಳ ಸಮತೂಕದಿಂದ ನಿಂತಿರುವುದು. ಅದರ ಭಾರವು ಅದನ್ನು ಒಳಕ್ಕೆ ಕುಗ್ಗಿಸುವುದು. ಒಡಲಿನಲ್ಲಿ ಹುಟ್ಟುವ ಶಾಖದ ಒತ್ತಡವು ಹೊರಕ್ಕೆ ತಳ್ಳುವುದು. ನಮ್ಮ ಸೂರ್ಯನಂಥ ನಕ್ಷತ್ರವು ಉರುವಲು ತೀರಿದ ಮೇಲೆ ಸಿಡಿಯುವುದಿಲ್ಲ. ಹೊರಮೈಯನ್ನು ಮೆಲ್ಲಗೆ ಕಳಚಿ ಶ್ವೇತಕುಬ್ಜವಾಗಿ ಉಳಿಯುವುದು. ಸೂರ್ಯನ ಸುಮಾರು 8 ಮಡಿಗಿಂತ ಹೆಚ್ಚು ಭಾರವಿರುವ ನಕ್ಷತ್ರದ ಗತಿ ಬೇರೆ. ಅದರ ಒಡಲಲ್ಲಿ ಹಗುರವಾದ ಧಾತುಗಳು ಬೆಸೆದು ಕ್ರಮವಾಗಿ ಕಬ್ಬಿಣವಾಗುವುವು. ಕಬ್ಬಿಣವನ್ನು ಬೆಸೆದರೆ ಶಾಖ ಹುಟ್ಟದು. ಆಗ ಆಧಾರ ತಪ್ಪಿದ ಒಡಲು ಒಂದು ಸೆಕೆಂಡಿಗೂ ಕಡಮೆ ಅವಧಿಯಲ್ಲಿ ಕುಸಿಯುವುದು. ಹೊರಪದರಗಳು ಸಿಡಿದು ಚದರುವುವು.

ಈ ಎರಡು ಗತಿಗಳ ಮೇರೆಯಲ್ಲಿ, ಸೂರ್ಯನ 8ರಿಂದ 10 ಮಡಿ ಭಾರವುಳ್ಳ ನಕ್ಷತ್ರಗಳಿರುವುವು. ಇವುಗಳಲ್ಲಿ ಕೆಲವುಗಳ ಒಡಲು ಕಬ್ಬಿಣದವರೆಗೆ ಹೋಗದೆ ಆಮ್ಲಜನಕ, ನಿಯಾನ್, ಮೆಗ್ನೀಸಿಯಂಗಳಲ್ಲಿಯೇ ನಿಲ್ಲುವುದು. ಅಲ್ಲಿ ಭಾರವನ್ನು ಹೊತ್ತಿರುವುವು ಎಲೆಕ್ಟ್ರಾನುಗಳು. ಒತ್ತಡವು ಮಿತಿಮೀರಿದಾಗ ಮೆಗ್ನೀಸಿಯಂ, ನಿಯಾನ್‌ಗಳ ಬೀಜಗಳು ಆ ಎಲೆಕ್ಟ್ರಾನುಗಳನ್ನೇ ನುಂಗತೊಡಗುವುವೆಂದೂ, ಕಂಬಗಳನ್ನು ಕಿತ್ತ ಚಾವಣಿಯಂತೆ ಒಡಲು ಕುಸಿಯುವುದೆಂದೂ ಜಪಾನಿನ ವಿದ್ವಾಂಸರು 1980ರಲ್ಲಿ ಗಣಿತದಿಂದ ತೋರಿಸಿದರು. ಇಂಥ ಸ್ಫೋಟದ ಬಲವು ಕಡಮೆ. ಸ್ಫೋಟದ ಬೆಳಕನ್ನು ಬಹುಕಾಲ ಕಾಪಾಡುವ ವಿಕಿರಣಶೀಲ ನಿಕ್ಕಲ್ ಸಹ ಇದರಲ್ಲಿ ಸ್ವಲ್ಪವೇ ಹುಟ್ಟುವುದು. ಆದುದರಿಂದ ಈ ಸಾವು ಮಂದಪ್ರಕಾಶದ್ದಾಗಿರಬೇಕು.

ಇಂಥದನ್ನು ಕಂಡವರುಂಟೇ? ರಾಜಹಂಸ ಮತ್ತು ಯುಧಿಷ್ಠಿರ ಎಂಬ ನಕ್ಷತ್ರಪುಂಜಗಳ ಮೇರೆಯಲ್ಲಿ ಎನ್.ಜಿ.ಸಿ. 6946 ಎಂಬ ಗೆಲಾಕ್ಸಿಯೊಂದಿದೆ. ಇದನ್ನು 1798ರಲ್ಲಿ ವಿಲಿಯಂ ಹರ್ಷೆಲರು ಕಂಡುಹಿಡಿದರು. ಇದು ನಮ್ಮಿಂದ ಸುಮಾರು 2.5 ಕೋಟಿ ಬೆಳಕಿನ ವರ್ಷಗಳಷ್ಟು ದೂರದಲ್ಲಿದೆ. 1917ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೇಧಶಾಲೆಯ ಜಾರ್ಜ್ ರಿಚಿಯವರು ಇದರ ಛಾಯಾಚಿತ್ರವೊಂದರಲ್ಲಿ ಹೊಸ ಚುಕ್ಕೆಯನ್ನು ಗುರುತಿಸಿದರು. ಅಂದಿನಿಂದ 2017ರವರೆಗಿನ ನೂರು ವರ್ಷಗಳಲ್ಲಿ ಈ ಒಂದೇ ಗೆಲಾಕ್ಸಿಯಲ್ಲಿ ಹತ್ತು ಸ್ಫೋಟಗಳು ದಾಖಲೆಯಾಗಿವೆ. 2004ರಲ್ಲಿ ಕಂಡ ಸ್ಫೋಟವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಡಿ. ಕೆ. ಸಾಹು, ಶ್ರೀಮತಿ ಜಿ. ಸಿ. ಅನುಪಮಾ ಮತ್ತು ಸಂಗಡಿಗರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕದಿಂದ ಅಭ್ಯಾಸಮಾಡಿದರು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಆ ಯಂತ್ರವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಯಿಸುವರೆಂಬುದನ್ನು ನಮ್ಮ ಬಾಲಕಿಯರು ಅರಿಯಬೇಕು.

2008ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಹವ್ಯಾಸಿ ವೀಕ್ಷಕರಾದ ರಾನ್ ಆರ್ಬರ್ ಎಂಬುವರು ಅದೇ ಗೆಲಾಕ್ಸಿಯಲ್ಲಿ ಮತ್ತೊಂದು ಚುಕ್ಕೆಯನ್ನು ಕಂಡರು. ಬರಿಗಣ್ಣಿಗೆ ಕಾಣುವ ಅತಿ ಮಂದವಾದ ನಕ್ಷತ್ರಕ್ಕಿಂತಲೂ ಅದು 10,000 ಮಡಿಗೂ ಮಿಗಿಲಾಗಿ ಮಂದವಾಗಿದ್ದಿತು. ದೂರವನ್ನು ಲೆಕ್ಕಹಾಕಿದರೂ ಅದರ ನಿಜವಾದ ಪ್ರಕಾಶವು ಸಾಮಾನ್ಯ ಸ್ಫೋಟದ ಹತ್ತನೆಯ ಒಂದು ಪಾಲಿನಷ್ಟೂ ಇರಲಿಲ್ಲ. ಸಿಡಿದ ನಕ್ಷತ್ರ ಯಾವುದು? ಖಗೋಳಶಾಸ್ತ್ರಜ್ಞರು ಹಳೆಯ ಛಾಯಾಚಿತ್ರಗಳನ್ನು ತೆಗೆದು ನೋಡಿದರು. ಸಾಮಾನ್ಯ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಆ ಸ್ಥಳವು ಬರಿದಾಗಿದ್ದಿತು. ಆದರೆ ಸ್ಪಿಟ್ಜರ್ ಎಂಬ ಆಕಾಶ ದೂರದರ್ಶಕವು ಕೆಲವು ವರ್ಷಗಳ ಹಿಂದೆ ಶಾಖದ ಕಿರಣಗಳಲ್ಲಿ, ಎಂದರೆ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ, ಇದೇ ಗೆಲಾಕ್ಸಿಯ ಚಿತ್ರಗಳನ್ನು ತೆಗೆದಿದ್ದಿತು. ಅವುಗಳಲ್ಲಿ ಆ ನಕ್ಷತ್ರವಿದ್ದಿತು! ಸೂರ್ಯನ ಸುಮಾರು 10 ಮಡಿ ಭಾರ. ಸುಮಾರು 35,000 ಮಡಿ ಪ್ರಕಾಶ. ಇಷ್ಟಿದ್ದರೂ ಅದು ತಾನೇ ಹೊರಚೆಲ್ಲಿದ ದಟ್ಟವಾದ ಧೂಳಿನಲ್ಲಿ ಮುಚ್ಚಿಹೋಗಿದ್ದಿತು, ಬೂದಿ ಮುಚ್ಚಿದ ಕೆಂಡದಂತೆ. ಬೆಳಕು ಹೊರಗೆ ಬಾರದೆ ಧೂಳಿನ ಬಿಸಿಯಷ್ಟೇ ಹೊರಬೀಳುತ್ತಿದ್ದಿತು.

ಇದು ನಿಜವಾಗಿಯೂ ಸಾವೇ, ಅಥವಾ ಬದುಕಿರುವ ನಕ್ಷತ್ರದ ಒಂದು ಉಬ್ಬಸವೇ ಎಂಬ ವಾದವು ಹುಟ್ಟಿತು. ಪಂಡಿತರು ಕಾದರು. 2016ರಲ್ಲಿ ಪ್ರಕಟವಾದ ವೀಕ್ಷಣೆಗಳಂತೆ, ಅಲ್ಲಿ ಉಳಿದ ಬೆಳಕು ಹಳೆಯ ನಕ್ಷತ್ರದ ಬೆಳಕಿಗಿಂತಲೂ ಬಹಳ ಕೆಳಗಿಳಿದಿದ್ದಿತು. ನಕ್ಷತ್ರವು ಅಳಿದಿರಬೇಕೆಂಬ ಅಭಿಪ್ರಾಯಕ್ಕೆ ಇದರಿಂದ ಬಲ ಬಂದಿತು; ಆದರೂ ವಾದವು ಪೂರ್ಣವಾಗಿ ಮುಗಿದಿಲ್ಲ. ಇದೇ ಗೆಲಾಕ್ಸಿಯಲ್ಲಿ, ಸೂರ್ಯನ ಸುಮಾರು 25 ಮಡಿ ಭಾರದ್ದೆಂದು ಎಣಿಸಲಾದ ಇನ್ನೊಂದು ನಕ್ಷತ್ರವು 2009ರಲ್ಲಿ ಕೊಂಚ ಬೆಳಗಿ, ಸಾಮಾನ್ಯ ಬೆಳಕಿನಲ್ಲಿ ಕಾಣದೆಹೋಯಿತು. ಅದು ಸಿಡಿಯದೆಯೇ ಕುಸಿದು ಕಪ್ಪುಕುಳಿಯಾಯಿತೋ ಎಂಬುದನ್ನು ಇನ್ನೂ ವಿಚಾರಿಸುತ್ತಿರುವರು.

ಈ ವೃತ್ತಾಂತದಲ್ಲಿ ನಮ್ಮ ಮನಸ್ಸಿಗೆ ಹೆಚ್ಚಾಗಿ ತಟ್ಟಿದುದು ಹಳೆಯ ಚಿತ್ರಗಳ ಸಂಗತಿ. ಅವುಗಳನ್ನು ತೆಗೆದವರಿಗೆ ಯಾವ ನಕ್ಷತ್ರ ಎಂದು ಅಳಿಯುವುದೆಂಬುದು ತಿಳಿದಿರಲಿಲ್ಲ. ಇದ್ದುದನ್ನು ಇದ್ದಂತೆ ದಾಖಲೆಮಾಡಿ ಜೋಪಾನವಾಗಿಟ್ಟರು, ಅಷ್ಟೆ. ಶಾಲೆಯ ಹಾಜರಿ ಪುಸ್ತಕವೂ ಹಾಗೆಯೇ. ಹೆಸರು ಬರೆದಿದ್ದರೆ ತಾನೆ ಯಾರು ಬಂದಿಲ್ಲವೆಂಬುದು ತಿಳಿಯುವುದು? ಹೆಸರನ್ನೇ ಬರೆಯದ ಮಗುವಿನ ಸ್ಥಳವು ಬರಿದಾದುದನ್ನು ಯಾರೂ ಕಾಣರು.

ಪ್ರಶ್ನೆ ಕೇಳಿದ ಬಾಲಕಿಗೆ ಮರುವಾರವೇ ತರಗತಿಯ ಮುಂದೆ, "ನೀನು ಕೇಳಿದುದು ಸರಿ, ನಾವು ಹೇಳಿದುದು ತಪ್ಪು" ಎಂದು ತಿಳಿಸಿದೆವು. ಆಕೆ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಮುಂದಿನ ಬೆಂಚಿಗೆ ಬಂದು ಕುಳಿತಳು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ಬಿನ್ನಹವಿಷ್ಟೇ: ಮೋಡವಿಲ್ಲದ ರಾತ್ರಿಗಳಲ್ಲಿ ಮಕ್ಕಳನ್ನು ಮಾಳಿಗೆಗೆ ಕರೆದೊಯ್ಯಿರಿ; ಕಂಡುದನ್ನು ತಾರೀಖು ಸಹಿತ ಒಂದು ಪುಸ್ತಕದಲ್ಲಿ ಬರೆಯಿಸಿರಿ; ಅವರು ಕೇಳುವ ಪ್ರಶ್ನೆಗೆ ನಮ್ಮಂತೆ ಅವಸರದ ಉತ್ತರವನ್ನು ಕೊಡದಿರಿ.