ನಿಂತನೋ, ನಿಲ್ಲಿಸಿದನೋ?

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು, ಅರಗಿನ ಬಣ್ಣವೇರಿಸಿ ಬೊಂಬೆ ಮಾಡುವವನೊಬ್ಬನಿಗೆ ಪರದೇಶದ ವರ್ತಕನಿಂದ ಇಂಗ್ಲಿಷ್ ಪತ್ರ ಬಂದಿದೆಯೆಂದು ಭಾವಿಸಿದರೆ, ಅದರ ಒಂದು ಪದದಲ್ಲಿ ಅವನ ಜೀವನೋಪಾಯವೇ ಅಡಗಿರಬಹುದು. ವರ್ತಕನ ಪ್ರತಿನಿಧಿಯು ‘ಸ್ಟಾಪ್ಡ್ ಬಯಿಂಗ್’ ಎಂದಿದ್ದರೆ ಬೊಂಬೆ ಕೊಳ್ಳುವುದೇ ನಿಂತಿತು. ‘ಸ್ಟಾಪ್ಡ್ ಟು ಬೈ’ ಎಂದಿದ್ದರೆ, ಬೊಂಬೆ ಕೊಳ್ಳಲೆಂದೇ ಅವನು ಮೈಸೂರಿನ ದಾರಿಯಲ್ಲಿ ಇಳಿದು ನಿಂತನು. ಮೊದಲನೆಯದು ಕ್ರಿಯೆಯ ಹೆಸರು, ಅಂದರೆ ಕೃದಂತ ಭಾವನಾಮ, ಎರಡನೆಯದು ಉದ್ದೇಶ.

ಈ ಭೇದವು ಕನ್ನಡಕ್ಕೆ ಹೊಸದಲ್ಲ. ರಾಮನಗರ, ಮಾಗಡಿ, ಕನಕಪುರಗಳ ಆಡುಮಾತಿನಲ್ಲಿ ‘ಕೊಳ್ಳೋದನ್ನ ಬಿಟ್ಟ’, ‘ಕೊಳ್ಳೋಕೆ ನಿಂತ’ ಎನ್ನುತ್ತಾರೆ. ‘ಕೊಳ್ಳೋಕೆ’ ಎಂಬುದು ‘ಕೊಳ್ಳುವುದಕ್ಕೆ’ ಎಂಬುದರ ಸವೆದ ರೂಪ. ಎರಡು ಕಡೆಯೂ ಭಾವನಾಮವೊಂದೇ, ಬೇರೆಯಾದದ್ದು ವಿಭಕ್ತಿ. ಸಾಮಾನ್ಯವಾಗಿ ದ್ವಿತೀಯೆ ಬಂದಲ್ಲಿ ಇಂಗ್ಲಿಷಿನ ‘ಇಂಗ್’, ಚತುರ್ಥಿ ಬಂದಲ್ಲಿ ‘ಟು’ ಹೊಂದುತ್ತದೆ. ಓದುವುದನ್ನು ಮುಗಿಸಿದನು ಎಂಬಲ್ಲಿ ‘ಫಿನಿಷ್ಡ್ ರೀಡಿಂಗ್’. ಕೊಡುವುದಕ್ಕೆ ಒಪ್ಪಿದನು ಎಂಬಲ್ಲಿ ‘ಅಗ್ರೀಡ್ ಟು ಗಿವ್’.

ಆದರೆ ಈ ಒರೆಗಲ್ಲನ್ನು ಪೂರ್ತಿಯಾಗಿ ನಂಬುವಂತಿಲ್ಲ. ಈಜುವುದನ್ನು ಕಲಿತನು ಎಂಬಲ್ಲಿ ದ್ವಿತೀಯೆಯಿದ್ದರೂ ‘ಲರ್ನ್ಡ್ ಟು ಸ್ವಿಮ್’ ಎಂದೇ ಹೇಳಬೇಕು. ಇಂತಹ ಕ್ರಿಯಾಪದಗಳನ್ನು ಒಂದೊಂದಾಗಿಯೇ ಅರಿಯಬೇಕಾಗುತ್ತದೆ.

‘ರಿಮೆಂಬರ್’ ಎಂಬುದರಲ್ಲಿಯಂತೂ ಕಾಲವೇ ಬದಲಾಗುತ್ತದೆ. ವರ್ತಕನು ‘ರಿಮೆಂಬರ್ ಸೆಂಡಿಂಗ್’ ಎಂದು ಬರೆದರೆ ಹಣ ಕಳುಹಿಸಿದ್ದು ಅವನ ನೆನಪಿನಲ್ಲಿದೆ. ‘ವಿಲ್ ರಿಮೆಂಬರ್ ಟು ಸೆಂಡ್’ ಎಂದು ಬರೆದರೆ ಹಣ ಇನ್ನೂ ಬರಬೇಕಾಗಿದೆ.